ತಂಬೂರಿಯ ತವರುಮನೆ

ಗುಮಾಸ್ತನ ಪ್ರವಾಸಕ್ಕೂ ಯಾತ್ರಿಕನ ಪ್ರವಾಸಕ್ಕೂ ಅಜಗಜಾಂತರ. ಯಾತ್ರಿಕನು ತನಗೆ ಬೇಕಾದ ಊರಿಗೆ, ಬೇಕಾದ ದಿನ, ಬೇಕಾದವರ ಸಂಗಡ ಹೋಗುತ್ತಾನೆ. ಗುಮಾಸ್ತನು ಆದೇಶದಲ್ಲಿ ಬರೆದ ಊರಿಗೆ, ಆದೇಶದಲ್ಲಿ ಬರೆದ ದಿನ, ಸಾಹೇಬರ ಸಂಗಡ ಹೋಗುತ್ತಾನೆ. ಮರಳಿ ಬಂದ ಮೇಲೆ ಅವನು ಪ್ರವಾಸಕಥನ ಬರೆಯುತ್ತಾನೆ, ಇವನು ಟಿ.ಎ. ಬಿಲ್ಲು ಬರೆಯುತ್ತಾನೆ. ಎರಡರಲ್ಲಿಯೂ ಅಲ್ಪಸ್ವಲ್ಪ ಕಲ್ಪನೆ ಬೆರೆಯುವುದುಂಟೆಂದು ಕೆಲವರು ಕುಹಕವಾಡುತ್ತಾರೆ. ನನ್ನ ಬಿಲ್ಲುಗಳ ಮಟ್ಟಿಗೆ ಆ ಮಾತು ಸಲ್ಲದೆಂದು ವಾಚಕರಲ್ಲಿ ಮೊದಲೇ ಬಿನ್ನವಿಸಿಕೊಳ್ಳುತ್ತೇನೆ.

ಪುಣೆಯ ಒಂದು ಸರ್ಕಾರಿ ಕಛೇರಿಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಗುಮಾಸ್ತ. ವರ್ಷಕ್ಕೆ ನಾಲ್ಕೈದು ಸಲ ತಪಾಸಣೆಯ ತಂಡದೊಡನೆ ಸೊಲ್ಲಾಪುರ, ಸಾತಾರಾ, ಕೊಲ್ಹಾಪುರ, ಮಿರಜಗಳ ಶಾಖೆಗಳಿಗೆ ಹೋಗಬೇಕು. ಅಲ್ಲಿ ಕ್ಯಾಶ್‌ಬುಕ್ಕು ನೋಡಬೇಕು, ವೋಚರು ತಾಳೆ ಹಾಕಬೇಕು, ಸ್ಟಾಕ್ ರಿಜಿಸ್ಟರಿನಲ್ಲಿರುವ ಕುರ್ಚಿಗಳು ಕೋಣೆಯಲ್ಲಿಯೂ ಇವೆಯೆ ಎಂದು ಎಣಿಸಬೇಕು. ಈಗ ಎಲ್ಲವೂ ಕಂಪ್ಯೂಟರಿಗೆ ಬಂದಿದೆ. ಆದರೂ ಕುರ್ಚಿ ಎಣಿಸಲು ಇನ್ನೂ ಮನುಷ್ಯನೇ ಬೇಕು. ಇದು ನಮ್ಮ ವರ್ಗಕ್ಕೆ ಉಳಿದಿರುವ ಸಣ್ಣ ಸಮಾಧಾನ.

ಇಂಥ ಪ್ರವಾಸದಲ್ಲಿ ಹಗಲು ಸರ್ಕಾರದ್ದು, ಸಂಜೆ ನಮ್ಮದು. ಆರು ಗಂಟೆಗೆ ಕಡತ ಕಟ್ಟಿದರೆ ರಾತ್ರಿಯ ಊಟದ ತನಕ ಎರಡು ತಾಸು ಯಾರ ಲೆಕ್ಕಕ್ಕೂ ಸೇರದೆ ಬಿದ್ದಿರುತ್ತವೆ. ಮನೆಯಲ್ಲಿದ್ದರೆ ಅದೇ ಹೊತ್ತಿಗೆ ಕಾಯಿಪಲ್ಲೆ ತರುವುದು, ಮಗಳ ಗಣಿತ, ನೀರಿನ ಟ್ಯಾಂಕರಿನ ಜಗಳ. ಪರವೂರಿನಲ್ಲಿ ಇವೊಂದೂ ಇಲ್ಲ. ನನ್ನ ಸಹೋದ್ಯೋಗಿಗಳಲ್ಲಿ ಒಬ್ಬರು ಆ ಹೊತ್ತಿನಲ್ಲಿ ನಿದ್ರೆ ಮಾಡುತ್ತಾರೆ, ಒಬ್ಬರು ಸೊಲ್ಲಾಪುರದ ಚಾದರದ ದರ ವಿಚಾರಿಸುತ್ತಾರೆ. ನಾನು ಹಾಡು ಎಲ್ಲಿದೆಯೆಂದು ಹುಡುಕುತ್ತೇನೆ. ಗುಡಿಯ ಭಜನೆಯಾದರೂ ಸರಿ, ಯಾರದೋ ಮನೆಯಲ್ಲಿ ಹುಡುಗಿಯೊಬ್ಬಳು ತಪ್ಪುತ್ತ ಒಪ್ಪುತ್ತ ಭೂಪ ರಾಗದ ಆರೋಹಣ ಮಾಡುತ್ತಿದ್ದರೂ ಸರಿ, ಕಿಟಕಿಯ ಕೆಳಗೆ ನಿಂತು ಕೇಳಬಲ್ಲೆ.

ಈ ಚಟ ನನಗೆ ಬಂದದ್ದು ಅಪ್ಪನಿಂದ. ಅಪ್ಪ ಗದಗಿನ ಸಮೀಪದ ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಮಾಸ್ತರರಾಗಿದ್ದರು. ಗದಗೆಂದರೆ ಭೀಮಸೇನ ಜೋಶಿಯವರು ಬೆಳೆದ ಊರು, ಪಂಚಾಕ್ಷರಿ ಗವಾಯಿಗಳ, ಪುಟ್ಟರಾಜ ಗವಾಯಿಗಳ ವೀರೇಶ್ವರ ಪುಣ್ಯಾಶ್ರಮದ ಊರು. ಅಪ್ಪ ಶನಿವಾರ ಶಾಲೆ ಬಿಟ್ಟೊಡನೆ ಸೈಕಲ್ಲು ಹತ್ತಿ ಆಶ್ರಮಕ್ಕೆ ಹೋಗಿ ಅಂಗಳದಲ್ಲಿ ಕುಳಿತು ಕೇಳುತ್ತಿದ್ದರು. ತಾವು ಗವಾಯಿ ಆಗಬೇಕೆಂಬ ಆಸೆ ಅವರಿಗೆ ಇರಲಿಲ್ಲ. ಮನೆಯಲ್ಲಿ ಒಂದು ತಂಬೂರಿ ಇರಬೇಕು, ಬೆಳಿಗ್ಗೆ ಅದರ ಮುಂದೆ ಕುಳಿತು ಒಂದು ವಚನ ಹಾಡಬೇಕು, ಅಷ್ಟೆ.

ಆ ತಂಬೂರಿಯನ್ನು ಅವರು 1978ರಲ್ಲಿ ಮಿರಜದಲ್ಲಿ ಕೊಂಡರು. ಪುಣೆ–ಮಿರಜ ಹಾದಿ 1971ರಲ್ಲಿ ಬ್ರಾಡ್‌ಗೇಜ್ ಆಗಿತ್ತು. ಹುಬ್ಬಳ್ಳಿಯ ಕಡೆಯದು ಅದಾದ ಮೇಲೂ ಹಲವು ವರ್ಷ ಮೀಟರ್‌ಗೇಜೇ. ಹೀಗಾಗಿ ನಮ್ಮ ಕಡೆಯವರು ಪುಣೆ ಮುಂಬಯಿಗೆ ಹೊರಟರೆ ಮಿರಜದಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸಬೇಕಾಗಿತ್ತು. ಒಮ್ಮೆ ಹಾಗೆ ಇಳಿದಾಗ ಮುಂದಿನ ಗಾಡಿಗೆ ಐದು ತಾಸು ಇತ್ತಂತೆ. ಅಪ್ಪ ಊರೊಳಗೆ ಹೋದರು, ಒಂದು ಅಂಗಡಿಯ ಮುಂದೆ ನಿಂತರು, ಒಂದೂವರೆ ತಿಂಗಳ ಸಂಬಳ ಕೊಟ್ಟು ತಂಬೂರಿ ಹೊತ್ತು ಬಂದರು. ಮುಂಬಯಿಯ ಮದುವೆಗೆಂದು ಹೊರಟವರು ಮದುವೆಯನ್ನು ಬಿಟ್ಟು ಅದೇ ಪ್ಲಾಟ್‌ಫಾರ್ಮಿನಿಂದ ಊರಿಗೆ ಹಿಂದಿರುಗಿದರು. ಅವ್ವ ಈ ಕಥೆಯನ್ನು ಸಾಯುವ ತನಕ ಬಂದವರಿಗೆಲ್ಲ ಹೇಳುತ್ತಿದ್ದಳು. ಬೈಯುತ್ತಿದ್ದಳೋ ಹೊಗಳುತ್ತಿದ್ದಳೋ ಕೇಳುವವರಿಗೆ ತಿಳಿಯುತ್ತಿರಲಿಲ್ಲ.

ಈಗ ಅಪ್ಪನಿಗೆ ಎಪ್ಪತ್ತು ದಾಟಿದೆ. ಮೂರು ವರ್ಷದ ಹಿಂದೆ ಕೈ ನಡುಗಲು ಸುರುವಾಯಿತು. ಬಿರಡೆ ತಿರುವಲು ಹೋದರೆ ತಂತಿ ನಿಲ್ಲಬೇಕಾದ ಸ್ಥಾನದಲ್ಲಿ ನಿಲ್ಲದು. ಕೊನೆಗೆ ಒಂದು ದಿನ ತಂಬೂರಿಗೆ ಹಳೆಯ ಕೌದಿ ಸುತ್ತಿ, ಪುಣೆಗೆ ಬರುವ ಸಾಮಾನಿನ ಲಾರಿಯಲ್ಲಿ ಹಾಕಿಸಿ ನನಗೆ ಕಳಿಸಿಬಿಟ್ಟರು. ದಾರಿಯಲ್ಲಿ ಯಾರು ಅದರ ಮೇಲೆ ಏನು ಹೇರಿದರೋ, ಕೌದಿ ಬಿಚ್ಚಿದಾಗ ಬುರುಡೆ ಗೇಣುದ್ದ ಬಿರುಕು ಬಿಟ್ಟಿತ್ತು.

ನಮ್ಮದು ಎರಡು ಕೋಣೆಯ ಮನೆ. ತಂಬೂರಿಯದು ಆಳೆತ್ತರದ ಶರೀರ. ಮಲಗಿಸಿದರೆ ಮಂಚದಷ್ಟು ಜಾಗ, ನಿಲ್ಲಿಸಿದರೆ ಮಗಳ ಚೆಂಡಿನ ಭಯ. ಕಪಾಟಿನ ಹಿಂದಿನ ಸಂದಿಯಲ್ಲಿ ಅದು ಒಂದು ಮಳೆಗಾಲ ಕಳೆಯಿತು. ಆ ನಡುವೆ ನಮ್ಮ ಕಟ್ಟಡದ ಸಜ್ಜನರೊಬ್ಬರು ಅದನ್ನು ನೋಡಿ ಒಳ್ಳೆಯ ಬೆಲೆ ಹೇಳಿದರು. ಅವರಿಗೆ ಹಾಡು ಬೇಕಾಗಿರಲಿಲ್ಲ. ದಿವಾಣಖಾನೆಯ ಮೂಲೆಯಲ್ಲಿ ನಿಲ್ಲಿಸಿ ಕೆಳಗೊಂದು ದೀಪ ಇಟ್ಟರೆ ಶೋಭೆ ಬರುತ್ತದೆಂದು ಅವರ ಎಣಿಕೆ. ಅವರು ಹೇಳಿದ ಹಣದಲ್ಲಿ ಮಗಳ ಒಂದು ವರ್ಷದ ಶಾಲೆಯ ಫೀ ತೀರುತ್ತಿತ್ತು. ಗುಮಾಸ್ತನಿಗೆ ಇದು ಹಗುರಾದ ಮಾತಲ್ಲ.

ನನ್ನ ಹೆಂಡತಿ ಲೆಕ್ಕದಲ್ಲಿ ನನಗಿಂತ ಚೊಕ್ಕ. ಒಂದು ರಾತ್ರಿ ಅವಳೆಂದಳು: “ನೋಡ್ರಿ, ಮಾರೂದಾದ್ರ ಮಾರಿಬಿಡ್ರಿ. ಇಟ್ಗೊಳ್ಳೂದಾದ್ರ ರಿಪೇರಿ ಮಾಡಿಸಿ ಬಾರಸ್ರಿ. ಹೀಂಗ ಸಂದ್ಯಾಗ ನಿಂದ್ರಸಬ್ಯಾಡ್ರಿ, ಅದೇನು ನಮ್ಮ ಮನಿ ಸಾಲಗಾರನ?”

ಅಪ್ಪನಿಗೆ ಫೋನು ಮಾಡಿದೆ. ಸುತ್ತು ಬಳಸಿ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಿನ್ನ ಮನ್ಯಾಗ ಐತಿ, ನಿನ್ನ ವಿಚಾರ” ಎಂದರು. ಫೋನು ಇಡುವ ಮೊದಲು, “ತಮ್ಮಾ, ತಂತಿ ಸಡ್ಲ ಮಾಡಿ ಇಟ್ಟೀಯಿಲ್ಲೋ? ಬಿಗಿ ಇಟ್ರ ದಂಡಿ ಬಾಗತೈತಿ” ಎಂದು ಕೇಳಿದರು. ಮಾರುವ ವಸ್ತುವಿನ ದಂಡಿ ಬಾಗಿದರೇನು, ನೆಟ್ಟಗಿದ್ದರೇನು? ಅವರ ಉತ್ತರ ಮೊದಲನೆಯ ಮಾತಿನಲ್ಲಿ ಇರಲಿಲ್ಲ, ಎರಡನೆಯದರಲ್ಲಿ ಇತ್ತು.

ಆ ಸೆಪ್ಟೆಂಬರಿನಲ್ಲಿ ಮಿರಜದ ಪ್ರವಾಸದ ಆದೇಶ ಬಂತು. ನಾಲ್ಕು ದಿನದ ತಪಾಸಣೆ. ತಂಬೂರಿಗೆ ತವರಿನ ಕರೆ ಬಂದಂತಾಯಿತು.

ಮಧ್ಯಾಹ್ನ ಪುಣೆ ಬಿಡುವ ಕೊಯ್ನಾ ಎಕ್ಸ್‌ಪ್ರೆಸ್ಸು ಸಂಜೆಗೆ ಮಿರಜ ಮುಟ್ಟಿಸುತ್ತದೆ. ಜೆಜೂರಿ, ನೀರಾ, ಲೋಣಂದ, ಸಾತಾರಾ, ಕರಾಡ ಎಂದು ಹಾದಿ ಸಾಗುತ್ತದೆ. ಮೊದಲರ್ಧ ಗುಡ್ಡ, ಬಳಿಕ ಕಬ್ಬು. ಸಾಹೇಬರು ಮೊದಲೇ ಬೇರೆ ಗಾಡಿಯಲ್ಲಿ ಹೋಗಿದ್ದುದರಿಂದ ನಾನೂ ತಂಬೂರಿಯೂ ನಿರಾತಂಕವಾಗಿ ಕುಳಿತೆವು. ಅದು ಕಿಟಕಿಗೆ, ನಾನು ಅದರ ಪಕ್ಕಕ್ಕೆ. ಎದುರಿನ ಮುದುಕಿಯೊಬ್ಬಳು ಕೌದಿಯ ಮೇಲಿಂದಲೇ ಬುರುಡೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಒಬ್ಬ ಕಾಲೇಜು ಹುಡುಗ ಇದು ವೀಣೆಯೆ, ಸಿತಾರೆ ಎಂದು ಕೇಳಿದ. ತಂಬೂರಿಯೆಂದಾಗ, “ಇದರಲ್ಲಿ ಹಾಡು ಬಾರಿಸಲು ಬರುವುದಿಲ್ಲವಲ್ಲ, ಮತ್ತೆ ಇದೇಕೆ?” ಎಂದ. ಒಳ್ಳೆಯ ಪ್ರಶ್ನೆ. ಉತ್ತರ ನನಗೆ ಮಿರಜದಲ್ಲಿ ಸಿಕ್ಕಿತು.

ಟಿ.ಸಿ. ಬಂದು ನನ್ನ ಟಿಕೇಟು ನೋಡಿ, ಕೌದಿ ಹೊದ್ದ ಆಕೃತಿಯನ್ನೂ ನೋಡಿ, ನಕ್ಕು ಮುಂದೆ ಹೋದರು. ನನಗೆ ಭೀಮಸೇನರ ನೆನಪಾಯಿತು. 1933ರಲ್ಲಿ, ಹನ್ನೊಂದು ವರ್ಷದ ಹುಡುಗ, ಗುರುವನ್ನು ಹುಡುಕುತ್ತ ಗದಗಿನ ಮನೆಯಿಂದ ಓಡಿಹೋಗಿ, ಟಿಕೇಟಿಲ್ಲದೆ ಗಾಡಿಯಿಂದ ಗಾಡಿಗೆ ಹತ್ತಿ, ಸಹಪ್ರವಾಸಿಗಳ ಮುಂದೆ ಹಾಡಿ ಹೊಟ್ಟೆ ಹೊರೆದು, ಕೊನೆಗೆ ಜಾಲಂಧರದ ತನಕ ಹೋಗಿದ್ದರು. ಗುರು ಸಿಕ್ಕದ್ದು ಮನೆಯ ಮಗ್ಗುಲ ಕುಂದಗೋಳದಲ್ಲಿ: ಸವಾಯಿ ಗಂಧರ್ವರು. ಅದೇ ಕುಂದಗೋಳಕ್ಕೆ ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲಿನಲ್ಲಿ ಹೋಗಿ ಪಾಠ ಹೇಳಿಸಿಕೊಂಡು ರಾತ್ರಿ ಗಾಡಿಗೆ ಮರಳುತ್ತಿದ್ದರು. ಮನೆ, ಮಕ್ಕಳು, ಬಡತನ ಎಲ್ಲವನ್ನೂ ಹೊತ್ತುಕೊಂಡೇ ಆ ಗಾಡಿ ಹತ್ತಿದವರು ಅವರು. ನಮ್ಮ ಕಡೆಯ ಸಂಗೀತದ ಅರ್ಧ ಇತಿಹಾಸ ರೈಲಿನ ಡಬ್ಬಿಯಲ್ಲಿಯೇ ನಡೆದಿದೆಯೆಂದು ನನಗೆ ಅನ್ನಿಸುವುದುಂಟು. ಗುಡ್ಡದ ಹಾದಿಯಲ್ಲಿ ನಾನು ಒಮ್ಮೆ ದಂಡಿಗೆ ಕಿವಿ ಹಚ್ಚಿದೆ. ಬುರುಡೆಯೊಳಗೆ ಗಾಲಿಗಳ ಸದ್ದು ತುಂಬಿ ಬಾವಿಯೊಳಗಿನ ದನಿಯಂತೆ ಮೊಳಗುತ್ತಿತ್ತು.

ಮರುದಿನ ಸಂಜೆ ಕಡತ ಕಟ್ಟಿ ವಾದ್ಯ ಮಾಡುವವರ ಓಣಿಗೆ ಹೋದೆ. ಮಿರಜದಲ್ಲಿ ಈ ಕಸುಬು ಹತ್ತೊಂಬತ್ತನೆಯ ಶತಮಾನದಿಂದ ನಡೆದು ಬಂದಿದೆ. ಮೂಲದಲ್ಲಿ ಇವರು ಶಿಕಲಗಾರರು, ಎಂದರೆ ಕತ್ತಿ ಕಠಾರಿಗಳನ್ನು ಮಸೆದು ಹೊಳಪು ಕೊಡುವವರು. ರಾಜರ ಯುದ್ಧಗಳು ನಿಂತ ಮೇಲೆ ಕತ್ತಿಗೆ ಗಿರಾಕಿ ಇಲ್ಲವಾಯಿತು. ಆಗ ಫರೀದಸಾಹೇಬ ಶಿಕಲಗಾರರೆಂಬವರು ಪಟವರ್ಧನ ಸಂಸ್ಥಾನಿಕರ ಗವಾಯಿಗಳ ಕೆಟ್ಟ ವಾದ್ಯಗಳನ್ನು ದುರಸ್ತಿ ಮಾಡಲು ಹೋಗಿ, ದುರಸ್ತಿಯಿಂದ ತಯಾರಿಕೆಗೆ ಬಂದರೆಂದು ಆ ಓಣಿಯ ಇತಿಹಾಸ. ಕತ್ತಿ ಮಸೆದ ಕೈ ಸಿತಾರಕ್ಕೆ ತಿರುಗಿದ್ದು ಎಷ್ಟು ಒಳ್ಳೆಯ ವರ್ಗಾವಣೆ! ನಮ್ಮ ಇಲಾಖೆಯಲ್ಲಿ ಅಂಥದೊಂದನ್ನು ನಾನು ಕಂಡಿಲ್ಲ. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಭೌಗೋಳಿಕ ಗುರುತಿನ ಸರ್ಕಾರಿ ಮುದ್ರೆ ದೊರೆತಿದೆ.

ನಾನು ಹೊಕ್ಕ ಅಂಗಡಿಯ ಹಿರಿಯರು ನನ್ನ ಮರಾಠಿಯ ಧಾಟಿ ಕೇಳಿದೊಡನೆ ಕನ್ನಡಕ್ಕೆ ಹೊರಳಿದರು. ಧಾರವಾಡ ಗದಗಿನ ಗಿರಾಕಿಗಳಿಂದ ಕಲಿತ ಕನ್ನಡ. ತಂಬೂರಿಯನ್ನು ಮಡಿಲಲ್ಲಿ ಅಡ್ಡ ಮಲಗಿಸಿಕೊಂಡು, ಬುರುಡೆಯನ್ನು ಬೆರಳಿನಿಂದ ಎರಡು ಸಲ ತಟ್ಟಿ, “ಬುರುಡಿ ಸತ್ತಿಲ್ರಿ ಸಾಹೇಬ್ರ, ಬರೇ ಬಿರಕು ಬಿಟ್ಟೈತಿ. ಜೀವ ಐತಿ” ಎಂದರು. ಡಾಕ್ಟರು ಹೊರಬಂದು ಹೇಳಿದ ಮಾತಿನಂತೆ ನನ್ನ ಕಿವಿಗೆ ಕೇಳಿಸಿತು.

ಆ ಮೂರು ಸಂಜೆ ನಾನು ಅಲ್ಲಿಯೇ ಕುಳಿತು ನೋಡಿದೆ. ತಂಜಾವೂರಿನ ತಂಬೂರಿಗೆ ಹಲಸಿನ ಮರ. ಮಿರಜದ್ದಕ್ಕೆ ಸೋರೆಯ ಜಾತಿಯ ದೊಡ್ಡ ಬುರುಡೆ. ಈ ಕಾಯಿ ಪಂಢರಪುರದ ಕಡೆಯ ಹೊಲಗಳಲ್ಲಿ ಬೆಳೆಯುತ್ತದೆ. ಒಣಗಿಸಿ, ಕೊಯ್ದು, ಒಳಗಿನ ತಿರುಳು ತೆಗೆದು, ಅದಕ್ಕೆ ಮರದ ಮುಖ ಕೂಡಿಸಿ, ದಂಡಿ ಜೋಡಿಸುತ್ತಾರೆ. ಸೀಳಿದ ಬುರುಡೆಯನ್ನು ಒಳಗಿನಿಂದ ಪಟ್ಟಿ ಹಚ್ಚಿ ಕೂಡಿಸಬಹುದು. ಆದರೆ ಹಿರಿಯರ ಮಾತಿನಲ್ಲಿ ಅದು ಬಡಗಿಯ ಕೆಲಸ. ನಿಜವಾದ ಕೆಲಸ ಜವಾರಿ.

ಜವಾರಿ ಎಂದರೆ ಇಷ್ಟು. ತಂಬೂರಿಯ ಕುದುರೆಯ ಬೆನ್ನು ಚಪ್ಪಟೆಯಾಗಿ ಕಂಡರೂ ಕಣ್ಣಿಗೆ ತೋರದಷ್ಟು ಇಳುಕಲಾಗಿರುತ್ತದೆ. ಮಿಡಿದ ತಂತಿ ಆ ಬೆನ್ನನ್ನು ಮುಟ್ಟಿಯೂ ಮುಟ್ಟದ ಹಾಗೆ ತಾಗುತ್ತ ನಡುಗುತ್ತದೆ. ಪೂರ್ಣ ಅಂಟಿದರೆ ನಾದ ಸಾಯುತ್ತದೆ, ಪೂರ್ಣ ಬಿಟ್ಟರೆ ಬೋಳು ಸದ್ದು. ಆ ನಡುವಿನ ಜಾಗವನ್ನು ಕಂಡುಹಿಡಿಯಲು ತಂತಿಯ ಕೆಳಗೆ ಒಂದು ಹತ್ತಿಯ ನೂಲೆಳೆ ಸಿಕ್ಕಿಸಿ ಹಿಂದೆ ಮುಂದೆ ಸರಿಸುತ್ತಾರೆ. ಅಂಗಡಿಯವರು ಕುದುರೆಯನ್ನು ಅರದಿಂದ ಒಂದು ಸಲ ಉಜ್ಜುವರು, ತಂತಿ ಮಿಡಿಯುವರು, ಕಣ್ಣು ಮುಚ್ಚಿ ಕೇಳುವರು, ತಲೆ ಅಲ್ಲಾಡಿಸುವರು, ಮತ್ತೆ ಉಜ್ಜುವರು. ಒಂದೊಂದು ತಂತಿಗೂ ಹೀಗೆ. ನಮ್ಮ ಕಡೆ ಜವಾರಿ ಬದನೆಕಾಯಿ, ಜವಾರಿ ಸೌತೆಕಾಯಿ, ಜವಾರಿ ಹತ್ತಿ ಎನ್ನುತ್ತೇವಲ್ಲ, ನಮ್ಮ ನೆಲದ್ದು, ಸೊಗಡುಳ್ಳದ್ದು ಎಂಬ ಅರ್ಥದಲ್ಲಿ. ಎರಡು ಶಬ್ದಗಳ ನೆಂಟಸ್ತನವನ್ನು ಪಂಡಿತರು ನೋಡಿಕೊಳ್ಳಲಿ, ನನ್ನ ಕಿವಿಗೆ ಅವು ಒಂದೇ.

“ಈಗ ಫೋನಿನ್ಯಾಗ ತಂಬೂರಿ ಬಂದೈತಲ್ರಿ, ನಿಮಗ ಧಂದೆ ಕಡಿಮಿ ಆಗಿರಬೇಕು?” ಎಂದು ಕೇಳಿದೆ. ಹಿರಿಯರು ಅರ ಕೆಳಗಿಟ್ಟರು. “ಅದು ಎಂದೂ ಇಳಿಯೂದಿಲ್ರಿ. ಇಳಿಯೂದಿಲ್ಲ ಅಂತ ಯಾರೂ ಅದನ್ನ ಕೇಳೂದಿಲ್ಲ. ಇದು ದಿನಾ ಇಳಿತೈತಿ. ಅದಕ್ಕ ದಿನಾ ಕಿವಿ ಕೊಡಬೇಕಾಗತೈತಿ” ಎಂದರು.

ರೈಲಿನ ಹುಡುಗನ ಪ್ರಶ್ನೆಗೆ ಇದೇ ಉತ್ತರ. ತಂಬೂರಿ ಹಾಡುವುದಕ್ಕಿಂತ ಮೊದಲು ಕೇಳುವುದನ್ನು ಕಲಿಸುತ್ತದೆ. ನಾಲ್ಕೇ ತಂತಿ: ಒಂದು ಪಂಚಮ, ಎರಡು ಜೋಡಿ ಷಡ್ಜ, ಒಂದು ಖರ್ಜ. ಸರಿಯಾಗಿ ಕೂಡಿದ ಗಳಿಗೆಯಲ್ಲಿ ಖರ್ಜದ ತಂತಿಯಿಂದ ಯಾರೂ ಕಟ್ಟದ ಗಂಧಾರವೊಂದು ತಾನಾಗಿ ಎದ್ದು ನಿಲ್ಲುತ್ತದೆ. ಸ್ವಯಂಭೂ ಗಂಧಾರವೆನ್ನುತ್ತಾರೆ. ಸ್ಟಾಕ್ ರಿಜಿಸ್ಟರಿನಲ್ಲಿ ಇಲ್ಲದ ವಸ್ತು ಕೋಣೆಯಲ್ಲಿ ಸಿಕ್ಕಂತೆ!

ಮೂರನೆಯ ಸಂಜೆ ಖ್ವಾಜಾ ಮೀರಾಸಾಹೇಬರ ದರ್ಗೆಗೆ ಹೋದೆ. ಆ ಆವರಣದಲ್ಲಿ ಉಸ್ತಾದ್ ಅಬ್ದುಲ್ ಕರೀಮ್ ಖಾನರ ಸಮಾಧಿಯಿದೆ. ಉತ್ತರದ ಕಿರಾನಾದಿಂದ ಬಂದು ಮಿರಜದಲ್ಲಿ ನೆಲೆಸಿ, ಸವಾಯಿ ಗಂಧರ್ವರಂಥ ಶಿಷ್ಯರ ಮೂಲಕ ನಮ್ಮ ಧಾರವಾಡ ಸೀಮೆಗೆ ತಮ್ಮ ಗಾಯನವನ್ನು ಕೊಟ್ಟವರು ಅವರು. 1937ರ ಅಕ್ಟೋಬರಿನಲ್ಲಿ ದಕ್ಷಿಣದ ಪ್ರವಾಸದಲ್ಲಿದ್ದಾಗ, ಪಾಂಡಿಚೇರಿಯ ಹಾದಿಯಲ್ಲಿ ಎದೆನೋವು ಬಂದು ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ಸ್ಟೇಶನ್ನಿನಲ್ಲಿ ಇಳಿದರು. ಪ್ಲಾಟ್‌ಫಾರ್ಮಿನ ಮೇಲೆ ಹಾಸಿಗೆ ಹಾಸಿಸಿ, ತಂಬೂರಿ ಶ್ರುತಿ ಮಾಡಿಸಿ, ದರ್ಬಾರಿಯಲ್ಲಿ ಪ್ರಾರ್ಥನೆ ಹಾಡುತ್ತ ಕಣ್ಣು ಮುಚ್ಚಿದರು. ಅವರೂ ಕೆಲಸದ ಮೇಲೆಯೇ ಪ್ರವಾಸ ಹೊರಟವರು. ಮುಂದಿನ ಗಾಡಿ ಯಾವಾಗ ಎಂದು ಕೇಳುವ ಹೊತ್ತಿನಲ್ಲಿ ಶ್ರುತಿ ಕೂಡಿದೆಯೆ ಎಂದು ಕೇಳಿದರು.

ಅಲ್ಲಿ ಕುಳಿತಾಗ ಇನ್ನೊಬ್ಬರನ್ನು ನೆನೆದು ನನ್ನ ಜಾತಿಗೆ ತುಸು ಅಭಿಮಾನವೂ ಆಯಿತು. ಸಾಂಗಲಿಯ ಕೃಷ್ಣಾಜಿ ಬಲ್ಲಾಳ ದೇವಲರು ನಿವೃತ್ತ ಡೆಪ್ಯುಟಿ ಕಲೆಕ್ಟರರು. ಇಪ್ಪತ್ತೆರಡು ಶ್ರುತಿಗಳನ್ನು ಅಳೆದು 1910ರಲ್ಲಿ ಅವರು ಪುಸ್ತಕ ಬರೆದರು. ಆ ಅಳತೆಯ ಕೆಲಸದಲ್ಲಿ ಅವರ ಜೊತೆಗೆ ನಿಂತು ಹಾಡಿ ತೋರಿಸಿದವರು ಇದೇ ಖಾನ್ ಸಾಹೇಬರು. ಸರ್ಕಾರದ ಕೆಲಸ ಮಾಡಿದವನ ಕಿವಿ ಕಿವುಡಾಗಲೇಬೇಕೆಂದು ನಿಯಮವೇನೂ ಇಲ್ಲ.

ತಂಬೂರಿಯನ್ನು ಅಲ್ಲಿಯೇ ಬಿಟ್ಟು ಬಂದೆ. ಡಿಸೆಂಬರಿನಲ್ಲಿ ಮತ್ತೆ ಆ ಕಡೆಯ ಪ್ರವಾಸ ಬಂದಾಗ ಕರೆತಂದೆ. ಖರ್ಚು ಕಟ್ಟಡದ ಸಜ್ಜನರು ಹೇಳಿದ ಬೆಲೆಯ ನಾಲ್ಕನೆಯ ಒಂದು ಪಾಲು. ಟಿ.ಎ. ಬಿಲ್ಲಿನಲ್ಲಿ ಇದಕ್ಕೆ ಕಾಲಮ್ಮಿಲ್ಲ, ಇರಲೂಬಾರದು. ಆ ವರ್ಷ ಹೊಸ ಸ್ಕೂಟರಿನ ಮಾತು ಮನೆಯಲ್ಲಿ ನಿಂತಿತು, ಹೆಂಡತಿ ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಮಂಚವನ್ನು ಗೋಡೆಗೆ ಸರಿಸಿ ತಂಬೂರಿಗೆ ಮೂಲೆ ಮಾಡಿಕೊಟ್ಟವಳು ಅವಳೇ.

ಮೊದಲ ದಿನ ಶ್ರುತಿ ಕೂಡಿಸಲು ನನಗೆ ಮುಕ್ಕಾಲು ತಾಸು ಹಿಡಿಯಿತು. ಬಳಿಕ ಅಪ್ಪನಿಗೆ ಫೋನು ಹಚ್ಚಿ, ಮಾತಾಡದೆ, ಅದನ್ನು ಬುರುಡೆಯ ಹತ್ತಿರ ಹಿಡಿದೆ. ಎರಡು ಮೂರು ನಿಮಿಷ ಆ ಕಡೆಯಿಂದ ಏನೂ ಕೇಳಲಿಲ್ಲ. ಆಮೇಲೆ, “ಎರಡನೇ ಜೋಡಿ ಕೂದಲೆಳಿಯಷ್ಟು ಇಳದೈತಿ ನೋಡು” ಎಂದರು. ಮಣಿ ಸರಿಸಿದೆ. “ಹಾಂ, ಈಗ ಬಂತು” ಎಂದರು. ದನಿ ನಡುಗುತ್ತಿತ್ತು. ಆದರೆ ಅವರ ಕಿವಿಗೆ ನಡುಕ ಹತ್ತಿರಲಿಲ್ಲ.

ಈಗ ದಿನಾಲೂ ಬೆಳಿಗ್ಗೆ ಹತ್ತು ನಿಮಿಷ ಈ ಕೆಲಸ. ನಾನು ಗವಾಯಿಯಲ್ಲ, ಆಗುವ ವಯಸ್ಸೂ ಇಲ್ಲ. ಶ್ರುತಿ ಕೂಡಿದರೆ ಒಂದು ವಚನ ಹೇಳುತ್ತೇನೆ. ಕೂಡುವಷ್ಟರಲ್ಲಿ ಕಛೇರಿಯ ಹೊತ್ತಾದರೆ ಅಷ್ಟಕ್ಕೇ ಏಳುತ್ತೇನೆ. ಎರಡೂ ದಿನ ಬಸ್ಸಿನಲ್ಲಿ ಮನಸ್ಸು ಒಂದೇ ತೆರನಾಗಿರುತ್ತದೆ. ತಂತಿ ಇಳಿದೇ ಇಳಿಯುತ್ತದೆ, ಮನುಷ್ಯನೂ ಅಷ್ಟೆ. ನಿನ್ನೆ ಕೂಡಿತ್ತೆಂದು ಇಂದು ಬಿಡುವ ಹಾಗಿಲ್ಲ. ಇದನ್ನು ತಿಳಿಯಲು ದೊಡ್ಡ ಗಾಯಕನಾಗಬೇಕಿಲ್ಲ, ದಿನಕ್ಕೆ ಹತ್ತು ನಿಮಿಷ ಸುಮ್ಮನೆ ಕೂಡುವ ತಾಳ್ಮೆ ಸಾಕು.

ಊರು ಬಿಟ್ಟು ಬಂದ ನಮ್ಮವರ ಮನೆಗಳಲ್ಲಿ ಅಟ್ಟದ ಮೇಲೆ, ಮಂಚದ ಕೆಳಗೆ ಅಜ್ಜನ ಹಾರ್ಮೋನಿಯಮ್ಮೋ, ಅತ್ತೆಯ ತಂಬೂರಿಯೋ, ಮಾವನ ತಬಲೆಯೋ ಬಟ್ಟೆ ಸುತ್ತಿಕೊಂಡು ಮಲಗಿರಬಹುದು. ಒಂದು ಭಾನುವಾರ ಕೆಳಗಿಳಿಸಿ ನೋಡಿ. ಬೆರಳಿನಿಂದ ತಟ್ಟಿ ಕೇಳಿ. ಮಾರುವ ವಿಚಾರವನ್ನು ಆಮೇಲೆ ಮಾಡಬಹುದು.

ಹೋದ ತಿಂಗಳು ಸೊಲ್ಲಾಪುರದ ಪ್ರವಾಸವಿತ್ತು. ನಾಲ್ಕು ದಿನ ತಂಬೂರಿ ಸುಮ್ಮನಿರುವುದಲ್ಲ ಎಂದುಕೊಂಡು ಲಾಡ್ಜಿನಲ್ಲಿ ಮುಂಜಾನೆ ಚಹಾ ಕುಡಿಯುತ್ತಿದ್ದೆ. ಮನೆಯಿಂದ ಫೋನು ಬಂತು. ಎಂಟು ವರ್ಷದ ಮಗಳು ಮಾತಾಡಲಿಲ್ಲ, ತಂತಿ ಮಿಡಿದಳು. ಪಂಚಮ ತುಸು ಇಳಿದಿತ್ತು. ನಾನು ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಆ ಕಡೆ ಅವಳೇ, “ಥಾಂಬ ಅಪ್ಪಾ, ಇದು ಸರಿ ಇಲ್ಲ” ಎಂದು ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಗದರಿ ಬಿರಡೆ ತಿರುವತೊಡಗಿದಳು.